ನಿಲ್ಲಿಸುವ ನಿಯಮವಿದೆ, ಪಂದ್ಯ ನಿಲ್ಲುವುದು ಅಪರೂಪ

1947ರಲ್ಲಿ ಕಪ್ಪು ವರ್ಣದ ಆಟಗಾರ ಜಾಕಿ ರಾಬಿನ್ಸನ್ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ಗೆ ಬಂದದ್ದು, 1970ರಲ್ಲಿ ವರ್ಣಭೇದ ನೀತಿಯಿಂದಾಗಿ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ಹೊರಬಿದ್ದು 1991ರಲ್ಲಿ ಮರಳಿದ್ದು: ಆಗಿನ ಜಗಳವೆಲ್ಲ ಯಾರನ್ನು ಆಡಲು ಬಿಡಬೇಕು ಎಂಬುದು. ಈಗಿನದು ಆಡುತ್ತಿರುವವನ ಮೇಲೆ ಗ್ಯಾಲರಿಯಿಂದ ಬೀಳುವ ಜನಾಂಗೀಯ ನಿಂದನೆಯ ಕೂಗಿನದು.

ಅದಕ್ಕೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2009ರಲ್ಲಿ ಮೂರು ಹಂತಗಳ ಕ್ರಮ ತಂದಿತು. ಮೊದಲು ರೆಫರಿ ಆಟ ನಿಲ್ಲಿಸಿ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡಿಸಬೇಕು. ಕೂಗು ನಿಲ್ಲದಿದ್ದರೆ ತಂಡಗಳನ್ನು ಐದು–ಹತ್ತು ನಿಮಿಷ ಡ್ರೆಸ್ಸಿಂಗ್ ರೂಮಿಗೆ ಕಳಿಸಬೇಕು. ಆಮೇಲೂ ನಿಲ್ಲದಿದ್ದರೆ ಪಂದ್ಯ ರದ್ದು. ಕಾಗದದ ಮೇಲೆ ಅಚ್ಚುಕಟ್ಟು.

2019ರ ಅಕ್ಟೋಬರ್ 14ರಂದು ಸೋಫಿಯಾದಲ್ಲಿ ಬಲ್ಗೇರಿಯಾ–ಇಂಗ್ಲೆಂಡ್ ಪಂದ್ಯ ಬಲ್ಗೇರಿಯಾ ಪ್ರೇಕ್ಷಕರ ಕೂಗಿನಿಂದ ಮೊದಲಾರ್ಧದಲ್ಲೇ ಎರಡು ಬಾರಿ ನಿಂತಿತು. ಎಚ್ಚರಿಕೆಯೂ ಮೊಳಗಿತು. ಎರಡನೇ ಸಲ ಡ್ರೆಸ್ಸಿಂಗ್ ರೂಮಿಗೆ ಹೋಗಬಹುದಿತ್ತು; ವಿರಾಮ ಹತ್ತಿರವಿದ್ದುದರಿಂದ ಆಟ ಮುಂದುವರಿಸಲು ಇಂಗ್ಲೆಂಡ್ ತಂಡ ಒಪ್ಪಿತು. ಪಂದ್ಯ 6–0ಕ್ಕೆ ಮುಗಿಯಿತು. ಬಲ್ಗೇರಿಯಾಕ್ಕೆ 75,000 ಯೂರೋ ದಂಡ, ಪ್ರೇಕ್ಷಕರಿಲ್ಲದೆ ಎರಡು ಪಂದ್ಯ. ಅದರಲ್ಲೂ ಒಂದು ತಡೆಹಿಡಿದ ಶಿಕ್ಷೆ.

ತೊಡಕು ಇಲ್ಲೇ ಇದೆ. ಮೈದಾನದ ನಡುವೆ ನಿಂತ ರೆಫರಿಗೆ ಕೂಗು ಸ್ಪಷ್ಟವಾಗಿ ಕೇಳಿಸದು, ಬೈಗುಳ ತಿಂದವನೇ ಓಡಿಹೋಗಿ ದೂರು ಕೊಡಬೇಕು. ದೂರು ಕೊಟ್ಟರೆ ಶಿಳ್ಳೆ ಇನ್ನೂ ಜೋರಾಗುತ್ತದೆ. ರೆಫರಿ ಹೇಳದೆ ತಂಡವೇ ಹೊರನಡೆದರೆ ಪಂದ್ಯವನ್ನೇ ಕಳೆದುಕೊಳ್ಳುವ ಭಯ. 2024ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ನಿಂದನೆಯಾಗಿದೆ ಎಂದು ರೆಫರಿಗೆ ತಿಳಿಸಲು ಮಣಿಕಟ್ಟುಗಳನ್ನು ಒಂದರ ಮೇಲೊಂದು ಅಡ್ಡ ಹಿಡಿಯುವ ಸನ್ನೆ ಜಾರಿಗೆ ತಂದಿತು. ಆದರೆ ಸನ್ನೆ ಮಾಡಬೇಕಾದವನೂ ಅದೇ ಆಟಗಾರ!

2023ರ ಮೇನಲ್ಲಿ ಸ್ಪೇನ್‌ನ ವೆಲೆನ್ಸಿಯಾದಲ್ಲಿ ರಿಯಲ್ ಮ್ಯಾಡ್ರಿಡ್‌ನ ಬ್ರೆಜಿಲ್ ಆಟಗಾರ ವಿನೀಸಿಯಸ್ ಜೂನಿಯರ್ ನಿಂದನೆಗೆ ಗುರಿಯಾದ; ಅದೇ ಪಂದ್ಯದಲ್ಲಿ ಅವನಿಗೇ ಕೆಂಪು ಕಾರ್ಡ್ ಬಿತ್ತು, ಆಮೇಲೆ ಅದನ್ನು ಹಿಂಪಡೆಯಲಾಯಿತು. ವೆಲೆನ್ಸಿಯಾ ಕ್ಲಬ್‌ನ ದಂಡ ಮೇಲ್ಮನವಿಯಲ್ಲಿ 45,000ದಿಂದ 27,000 ಯೂರೋಗೆ ಇಳಿಯಿತು, ಒಂದು ಸ್ಟ್ಯಾಂಡ್ ಮುಚ್ಚುವ ಶಿಕ್ಷೆ ಐದು ಪಂದ್ಯದಿಂದ ಮೂರಕ್ಕೆ. ಈ ದಂಡ ಕಟ್ಟುವುದು ಕ್ಲಬ್, ಕೂಗಿದವನಲ್ಲ. 2024ರ ಜೂನ್‌ನಲ್ಲಿ ಮಾತ್ರ ಮೂವರು ಪ್ರೇಕ್ಷಕರಿಗೆ ಎಂಟು ತಿಂಗಳ ಜೈಲು ಶಿಕ್ಷೆಯಾಯಿತು. ಫುಟ್‌ಬಾಲ್ ಕ್ರೀಡಾಂಗಣದ ಜನಾಂಗೀಯ ಬೈಗುಳಕ್ಕೆ ಸ್ಪೇನ್‌ನಲ್ಲಿ ಅದೇ ಮೊದಲ ಕ್ರಿಮಿನಲ್ ತೀರ್ಪು.

ಅಷ್ಟಕ್ಕೂ ಆರೋಪಿ ಸಿಗಬೇಕಾದರೆ ಕ್ಯಾಮೆರಾ ಇರಬೇಕು, ಯಾವ ಸೀಟಿನಲ್ಲಿ ಯಾರಿದ್ದರೆಂದು ಗೊತ್ತಿರಬೇಕು. ಹದಿಹರೆಯದವರ ಎಷ್ಟೋ ಲೀಗ್‌ಗಳಲ್ಲಿ ಕ್ಯಾಮೆರಾ ಇಲ್ಲ, ಧ್ವನಿವರ್ಧಕವೂ ಇಲ್ಲ, ಇರುವುದು ಒಬ್ಬನೇ ರೆಫರಿ. ಅಲ್ಲಿ ಬೈಗುಳ ತಿಂದ ಹುಡುಗ ಮುಂದಿನ ಪಂದ್ಯಕ್ಕೆ ಬರದಿದ್ದರೆ ಅದು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.