ಸ್ಟ್ರಾಟೋಸ್ಫಿಯರ್: ಗುಡುಗು ಮೋಡವನ್ನು ಏರಗೊಡದ ಗಾಳಿ

ಭರಣಿ ಮಳೆ ಕಟ್ಟುವ ದಿನಗಳಲ್ಲಿ ಸಂಜೆ ಹೊತ್ತು ಚಾಮುಂಡಿ ಬೆಟ್ಟದ ಮೇಲಿದ್ದರೆ ಒಮ್ಮೆ ದೂರಕ್ಕೆ ಕಣ್ಣು ಹಾಯಿಸಿ. ಮಳವಳ್ಳಿ ಕಡೆಯೋ ಕೊಳ್ಳೇಗಾಲದ ಕಡೆಯೋ ಒಂದು ದೊಡ್ಡ ಗುಡುಗು ಮೋಡ ಎದ್ದಿರುತ್ತದೆ. ಬುಡ ಕಪ್ಪು, ನಡು ಬೆಳ್ಳಗೆ ಉಬ್ಬುಬ್ಬಾಗಿ. ತಲೆ ಮಾತ್ರ ಚಪ್ಪಟೆ. ಅಷ್ಟು ಜೋರಾಗಿ ಏರುತ್ತಿದ್ದ ಮೋಡ ಒಂದು ಎತ್ತರಕ್ಕೆ ಬಂದು ನಿಂತು, ಪಕ್ಕಕ್ಕೆ ಹರಡಿಕೊಂಡಿರುತ್ತದೆ. ಮೇಲೆ ಜಾಗ ಇಲ್ಲ ಅಂತಲ್ಲ. ಅಲ್ಲಿಂದಾಚೆಯ ಗಾಳಿ ಅದನ್ನು ಏರಗೊಡುವುದಿಲ್ಲ. ಆ ಗಾಳಿಯ ಪದರವೇ ಸ್ಟ್ರಾಟೋಸ್ಫಿಯರ್.

ನಾವು ಉಸಿರಾಡುವ, ಮಳೆ ಗಾಳಿ ಸಿಡಿಲು ಎಲ್ಲ ನಡೆಯುವ ಕೆಳಗಿನ ಪದರಕ್ಕೆ ಟ್ರೋಪೋಸ್ಫಿಯರ್ ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಇದು ಪರಿವರ್ತನಾ ಮಂಡಲ. ಇಲ್ಲಿ ಮೇಲೆ ಹೋದಷ್ಟೂ ಚಳಿ, ಒಂದು ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ 35 ಡಿಗ್ರಿ ಬೆವರು ಸುರಿಯುತ್ತಿರುವಾಗ, ನೇರ ತಲೆ ಮೇಲೆ 16-17 ಕಿಲೋಮೀಟರ್ ಎತ್ತರದಲ್ಲಿ ಮೈನಸ್ 80 ಡಿಗ್ರಿಯ ಆಸುಪಾಸು ಇರುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಇರುವಷ್ಟೇ ದೂರ! ಅಷ್ಟರಲ್ಲಿ ನಮ್ಮ ವಾತಾವರಣದ ಹತ್ತರಲ್ಲಿ ಒಂಬತ್ತು ಭಾಗ ಗಾಳಿ ಮುಗಿದೇ ಹೋಗಿರುತ್ತದೆ.

ಅಲ್ಲಿಂದ ಮೇಲೆ ಲೆಕ್ಕ ಉಲ್ಟಾ ಆಗುತ್ತದೆ. ಏರಿದಷ್ಟೂ ಬಿಸಿ. 50 ಕಿಲೋಮೀಟರ್ ಎತ್ತರಕ್ಕೆ ಬರುವಾಗ ಶೂನ್ಯ ಡಿಗ್ರಿಯ ಹತ್ತಿರ ಮುಟ್ಟಿರುತ್ತದೆ. ಈ ಎರಡು ಎತ್ತರಗಳ ನಡುವೆ ಇರುವುದೇ ಸ್ಟ್ರಾಟೋಸ್ಫಿಯರ್. ಕನ್ನಡದಲ್ಲಿ ಇದಕ್ಕೆ ಸಮೋಷ್ಣ ಮಂಡಲ ಅಂತ ಹೆಸರಿದೆ. ಹೆಸರು ನೋಡಿ ಒಳಗೆಲ್ಲ ಒಂದೇ ಉಷ್ಣತೆ ಅಂದುಕೊಳ್ಳಬೇಡಿ.

ಬಿಸಿ ಗಾಳಿ ಹಗುರ, ತಣ್ಣನೆ ಗಾಳಿ ಭಾರ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಗಾಳಿ ಸದಾ ಮೇಲೆ ಕೆಳಗೆ ಆಡುತ್ತಿರುತ್ತದೆ. ಕೆಳಗೆ ತಣ್ಣಗೆ, ಮೇಲೆ ಬಿಸಿ ಇದ್ದರೆ ಯಾವುದಕ್ಕೂ ಅಲುಗಾಡುವ ಅಗತ್ಯ ಇಲ್ಲ. ಗುಡುಗು ಮೋಡ ಜೋರಿನಿಂದ ಒಂದೆರಡು ಕಿಲೋಮೀಟರ್ ಒಳಗೆ ನುಗ್ಗಿದರೂ, ಸುತ್ತಲಿನ ಗಾಳಿಗಿಂತ ತಾನೇ ಭಾರವಾಗಿ ವಾಪಸ್ ಕುಸಿಯುತ್ತದೆ. ಸ್ಟ್ರಾಟೋಸ್ಫಿಯರಿನ ಎಲ್ಲ ಗುಣಕ್ಕೂ ಮೂಲ ಇದೇ: ಅದು ಕಲಕದ ಗಾಳಿ.

ಇದನ್ನು ಮೊದಲು ಕಂಡವರು ನಂಬಲಿಲ್ಲ. ಫ್ರಾನ್ಸಿನ ಲಿಯಾನ್ ಟೆಸೆರೆಂಕ್ ದ ಬಾರ್ ಎಂಬಾತ ಪ್ಯಾರಿಸ್ ಹತ್ತಿರ ಥರ್ಮಾಮೀಟರ್ ಕಟ್ಟಿದ ಬಲೂನುಗಳನ್ನು ಹಾರಿಸುತ್ತಿದ್ದ. 11 ಕಿಲೋಮೀಟರ್ ದಾಟಿದ ಮೇಲೆ (ಅಲ್ಲಿ ಸ್ಟ್ರಾಟೋಸ್ಫಿಯರ್ ನಮ್ಮಲ್ಲಿಗಿಂತ ಕೆಳಗೇ ಶುರುವಾಗುತ್ತದೆ) ಉಷ್ಣತೆ ಇಳಿಯುವುದೇ ನಿಂತುಹೋಗುತ್ತಿತ್ತು. ಬಿಸಿಲು ಬಿದ್ದು ಉಪಕರಣ ತಪ್ಪು ತೋರಿಸುತ್ತಿದೆ ಅಂತ ಅನುಮಾನಪಟ್ಟು ರಾತ್ರಿ ಹಾರಿಸಿದ. ಆಗಲೂ ಅದೇ. 200ಕ್ಕೂ ಹೆಚ್ಚು ಬಲೂನು ಹಾರಿಸಿದ ಮೇಲೇ, 1902ರಲ್ಲಿ, ಆತ ಇದನ್ನು ಬಹಿರಂಗವಾಗಿ ಹೇಳಿದ್ದು. ಅದೇ ವರ್ಷ ಜರ್ಮನಿಯ ರಿಚರ್ಡ್ ಆಸ್ಮಾನ್ ಕೂಡ ಇದನ್ನೇ ಕಂಡಿದ್ದ. ಇಂಥದ್ದೇ ಬಲೂನುಗಳನ್ನು ನಮ್ಮ ಹವಾಮಾನ ಇಲಾಖೆ ಇವತ್ತಿಗೂ ದೇಶದ ಹಲವು ಊರುಗಳಿಂದ ಬಿಡುತ್ತದೆ.

ಸರಿ, ಮೇಲೆ ಬಿಸಿ ಎಲ್ಲಿಂದ ಬಂತು? ನೆಲವಂತೂ ಅಷ್ಟು ದೂರ ಇದೆ. ಉತ್ತರ ಓಝೋನ್. ಸೂರ್ಯನ ಬೆಳಕಿನಲ್ಲಿರುವ ತೀಕ್ಷ್ಣ ನೇರಳಾತೀತ ಕಿರಣ ಆಮ್ಲಜನಕದ ಅಣುವನ್ನು ಎರಡು ಪರಮಾಣುವಾಗಿ ಒಡೆಯುತ್ತದೆ. ಹೀಗೆ ಬಿಡಿಯಾದ ಪರಮಾಣು ಇನ್ನೊಂದು ಆಮ್ಲಜನಕದ ಅಣುವಿಗೆ ಅಂಟಿಕೊಂಡರೆ ಮೂರು ಪರಮಾಣುವಿನ ಓಝೋನ್ ಆಯಿತು. ಈ ಓಝೋನಿಗೆ ಮತ್ತೆ ನೇರಳಾತೀತ ಕಿರಣ ಬಡಿದರೆ ಅದು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುತ್ತದೆ. ಒಡೆಯುವುದು ಕೂಡುವುದು, ಒಡೆಯುವುದು ಕೂಡುವುದು. ಪ್ರತಿ ಸಲವೂ ಕಿರಣದ ಶಕ್ತಿ ಗಾಳಿಯ ಬಿಸಿಯಾಗಿ ಬದಲಾಗುತ್ತದೆ. 1930ರಲ್ಲಿ ಸಿಡ್ನಿ ಚಾಪ್ಮನ್ ವಿವರಿಸಿದ ಲೆಕ್ಕ ಇದು. ಅಂದರೆ ನಮ್ಮ ಚರ್ಮ, ಕಣ್ಣು, ಬೆಳೆಗಳಿಗೆ ಹಾನಿ ಮಾಡಬಲ್ಲ ಕಿರಣಗಳಲ್ಲಿ ಹೆಚ್ಚಿನವು ಮೇಲೆಯೇ ಬಿಸಿಯಾಗಿ ಮುಗಿದುಹೋಗುತ್ತವೆ. ಆ ಬಿಸಿಯೇ ಮೋಡವನ್ನು ತಡೆದು ನಿಲ್ಲಿಸುತ್ತದೆ. ಕಿರಣ ತಡೆಯುವುದೂ ಮೋಡ ತಡೆಯುವುದೂ ಬೇರೆ ಬೇರೆ ಕೆಲಸ ಅಲ್ಲವೇ ಅಲ್ಲ. ಪುಸ್ತಕಗಳಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಬರೆದುಬಿಡುತ್ತಾರೆ, ಅದೊಂದು ಬೇಜಾರು.

ಇಷ್ಟೆಲ್ಲ ಮಾಡುವ ಓಝೋನ್ ಎಷ್ಟಿದೆ ಗೊತ್ತಾ? ತಲೆ ಮೇಲಿನದ್ದನ್ನೆಲ್ಲ ನೆಲಕ್ಕೆ ತಂದು ಇಲ್ಲಿನ ಒತ್ತಡದಲ್ಲಿ ಹರಡಿದರೆ ಸುಮಾರು 3 ಮಿಲಿಮೀಟರ್ ದಪ್ಪ. ನಮ್ಮ ಕಡೆ ಅದಕ್ಕಿಂತ ಸ್ವಲ್ಪ ಕಮ್ಮಿಯೇ. ಇದು ವಿಚಿತ್ರ ಅನ್ನಿಸಬಹುದು, ಯಾಕೆಂದರೆ ಬಿಸಿಲು ಜಾಸ್ತಿ ಇರುವ ಉಷ್ಣವಲಯದ ಮೇಲೇ ಓಝೋನ್ ಹೆಚ್ಚು ತಯಾರಾಗುವುದು. ಆದರೆ ಸ್ಟ್ರಾಟೋಸ್ಫಿಯರಿನ ಗಾಳಿ ಇಲ್ಲಿ ನಿಧಾನಕ್ಕೆ ಮೇಲೇರಿ, ಧ್ರುವಗಳ ಕಡೆ ಸಾಗಿ, ಅಲ್ಲಿ ಕೆಳಗಿಳಿಯುತ್ತದೆ. ಮಂಡ್ಯದ ಆಲೆಮನೆಯಲ್ಲಿ ಕಾಯಿಸಿದ ಬೆಲ್ಲ ಬೇರೆ ಊರಿನ ಮಂಡಿಯಲ್ಲಿ ಗುಡ್ಡೆ ಬೀಳುವ ಹಾಗೆ, ಇಲ್ಲಿ ಹುಟ್ಟಿದ ಓಝೋನ್ ಅಲ್ಲಿ ದಪ್ಪಗೆ ಕೂರುತ್ತದೆ. ಅದರ ಮೇಲೆ ಏಪ್ರಿಲ್ ಕೊನೆಯ ಭಾಗದಲ್ಲಿ ಮೈಸೂರಿಗೆ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ, ಕಿರಣ ಹಾಯಬೇಕಾದ ಓಝೋನ್ ಇನ್ನೂ ಕಮ್ಮಿ. ಆ ಮಧ್ಯಾಹ್ನಗಳಲ್ಲಿ ಟೋಪಿ, ಕೊಡೆ ಸುಮ್ನೆ ಶೋಕಿಗಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ಓಝೋನ್ ಪದರಕ್ಕೆ ತೂತು ಬಿದ್ದಿದೆ, ಅದಕ್ಕೇ ಈ ಸೆಖೆ’ ಅಂತ ಬಸ್ಸಿನಲ್ಲಿ, ಕಟ್ಟೆ ಮೇಲೆ ಮಾತು ಕೇಳುತ್ತಲೇ ಇರುತ್ತೇವೆ, ಅಲ್ವಾ? ತೂತು ಅನ್ನುವುದು ಅಂಟಾರ್ಕ್ಟಿಕಾದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಓಝೋನ್ ತೀರಾ ತೆಳುವಾಗುವುದು. ಹಳೆಯ ಫ್ರಿಜ್, ಸ್ಪ್ರೇಗಳಲ್ಲಿ ಬಳಸುತ್ತಿದ್ದ ಅನಿಲಗಳಿಂದ ಮೇಲೆ ಸೇರಿದ ಕ್ಲೋರಿನ್ ಅದಕ್ಕೆ ಕಾರಣ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು, 1992ರಲ್ಲಿ ಭಾರತವೂ ಸೇರಿತು. ಈಗ ಅದು ನಿಧಾನವಾಗಿ ಗುಣವಾಗುತ್ತಿದೆ. ನಮ್ಮ ಸೆಖೆ ಜಾಸ್ತಿಯಾಗುತ್ತಿರುವುದು ಇಂಗಾಲದ ಡೈಆಕ್ಸೈಡಿನಂಥ ಅನಿಲಗಳಿಂದ. ಎರಡೂ ಬೇರೆ ಕಾಯಿಲೆ.

ಇನ್ನೊಂದು: ‘ವಿಮಾನಗಳು ಸ್ಟ್ರಾಟೋಸ್ಫಿಯರಿನಲ್ಲಿ ಹಾರುತ್ತವೆ.’ ಪರೀಕ್ಷೆಯಲ್ಲಿ ಇದನ್ನು ಬರೆದು ನಾವೆಲ್ಲ ಅಂಕ ತೆಗೆದುಕೊಂಡಿದ್ದೇವೆ. ಯುರೋಪಿನ ಮೇಲೆ, ಧ್ರುವಗಳ ಹತ್ತಿರ ಇದು ಎಷ್ಟೋ ಸಲ ನಿಜ, ಅಲ್ಲಿ ಸ್ಟ್ರಾಟೋಸ್ಫಿಯರ್ 8ರಿಂದ 11 ಕಿಲೋಮೀಟರಿಗೇ ಶುರು. ವಿಮಾನ ಹಾರುವುದು 10-12 ಕಿಲೋಮೀಟರಿನಲ್ಲಿ. ನಮ್ಮ ತಲೆ ಮೇಲೆ ಹೋಗುವ ವಿಮಾನಕ್ಕೆ ಇನ್ನೂ ನಾಲ್ಕೈದು ಕಿಲೋಮೀಟರ್ ಬಾಕಿ ಇರುತ್ತದೆ. ಗುಡುಗು ಮೋಡದ ತಲೆ ವಿಮಾನಕ್ಕಿಂತ ಮೇಲಿರುತ್ತದೆ ಅನ್ನುವುದು ಮಳೆಗಾಲದಲ್ಲಿ ಕಿಟಕಿ ಪಕ್ಕ ಕೂತವರಿಗೆ ಗೊತ್ತು.

ಆ ಮೈನಸ್ 80ರ ಚಳಿಗೂ ಒಂದು ಕೆಲಸ ಇದೆ. ಕೆಆರ್‌ಎಸ್‌ನಿಂದಲೋ ಸಮುದ್ರದಿಂದಲೋ ಆವಿಯಾಗಿ ಮೇಲೇರಿದ ನೀರು ಅಷ್ಟು ಚಳಿಯಲ್ಲಿ ಹಿಮವಾಗಿ ಉದುರಿಬಿಡುತ್ತದೆ. ಆಚೆಗೆ ದಾಟುವ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ನೀರಿನವು ಮೂರೋ ನಾಲ್ಕೋ. ಹಾಗೆ ತಡೆ ಇಲ್ಲದಿದ್ದರೆ ನೀರಾವಿ ಇನ್ನೂ ಮೇಲೆ ಹೋಗಿ, ನೇರಳಾತೀತ ಕಿರಣಕ್ಕೆ ಸಿಕ್ಕಿ ಒಡೆದು, ಅದರ ಜಲಜನಕ ಬಾಹ್ಯಾಕಾಶಕ್ಕೆ ಸೋರಿಹೋಗುತ್ತಿತ್ತು. ಭೂಮಿಯ ಮೇಲೆ ನೀರು ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಮಳೆ ಇಲ್ಲದ ಗಾಳಿಯಲ್ಲಿ ತೊಳೆಯುವವರೂ ಇಲ್ಲ. ಕೆಳಗಿನ ಹೊಗೆ ದೂಳು ಕೆಲವು ದಿನದಲ್ಲಿ ಮಳೆಗೆ ಇಳಿದುಹೋಗುತ್ತದೆ. ಸ್ಟ್ರಾಟೋಸ್ಫಿಯರಿಗೆ ಸೇರಿದ್ದು ಒಂದೆರಡು ವರ್ಷ ಅಲ್ಲೇ ಸುತ್ತುತ್ತಿರುತ್ತದೆ. ಸುತ್ತುವ ದಿಕ್ಕೂ ಬದಲಾಗುತ್ತದೆ: ಸಮಭಾಜಕದ ಮೇಲಿನ ಸ್ಟ್ರಾಟೋಸ್ಫಿಯರಿನಲ್ಲಿ ಗಾಳಿ ಕೆಲಕಾಲ ಪೂರ್ವದಿಂದ ಬೀಸಿ, ಆಮೇಲೆ ಪಶ್ಚಿಮದಿಂದ ಬೀಸುತ್ತದೆ. ಒಂದು ಸುತ್ತಿಗೆ ಸುಮಾರು 28 ತಿಂಗಳು. ನಮ್ಮ ಕಾಲಗಳಿಗೂ ಅದಕ್ಕೂ ತಾಳೆಯೇ ಇಲ್ಲ.

1991ರ ಜೂನಿನಲ್ಲಿ ಫಿಲಿಪೈನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಒಂದೂವರೆ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡ್ ಅಲ್ಲಿಗೆ ಸೇರಿತು. ಅದು ಸಣ್ಣ ಹನಿಗಳಾಗಿ ಭೂಮಿಯ ಸುತ್ತ ಹರಡಿ ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸಿತು. ಇಡೀ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲೋ ಸೂರ್ಯನಿಂದಲೋ ಅನ್ನುವ ಜಗಳಕ್ಕೂ ಸ್ಟ್ರಾಟೋಸ್ಫಿಯರ್ ಸಾಕ್ಷಿ ಹೇಳುತ್ತದೆ. ಸೂರ್ಯನೇ ಜಾಸ್ತಿ ಕಾಯುತ್ತಿದ್ದರೆ ಮೇಲಿನ ಪದರವೂ ಕಾಯಬೇಕಿತ್ತು. ಆದರೆ ದಶಕಗಳಿಂದ ನೆಲ ಬಿಸಿಯಾಗುತ್ತಿದೆ, ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಓಝೋನ್ ಕಮ್ಮಿಯಾದದ್ದು ಇದಕ್ಕೆ ಸ್ವಲ್ಪ ಕಾರಣ. ಆದರೆ ಸ್ಟ್ರಾಟೋಸ್ಫಿಯರಿನ ಮೇಲ್ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಅಲ್ಲಿನ ಗಾಳಿ ಶಾಖವನ್ನು ಬಾಹ್ಯಾಕಾಶಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ. ಹೀಗಾಗುತ್ತದೆ ಅಂತ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಮನಾಬೆಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಪಿನಾಟುಬೊ ಮಾಡಿದ್ದನ್ನು ನಾವೇ ಬೇಕಂತ ಮಾಡಿದರೆ ಹೇಗೆ ಅನ್ನುವವರೂ ಇದ್ದಾರೆ. ಎತ್ತರಕ್ಕೆ ಹಾರುವ ವಿಮಾನದಿಂದ ಗಂಧಕ ಸಿಂಪಡಿಸಿದರೆ ಭೂಮಿ ತಣ್ಣಗಾಗುತ್ತದೆ ಅನ್ನುವುದು ಅವರ ವಾದ. ತಣ್ಣಗೇನೋ ಆಗಬಹುದು. ಆದರೆ 1991ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷ ಜಗತ್ತಿನ ನೆಲದ ಮೇಲೆ ಬಿದ್ದ ಮಳೆಯೂ ನದಿಗಳಲ್ಲಿ ಹರಿದ ನೀರೂ ಗಣನೀಯವಾಗಿ ಕಮ್ಮಿಯಾಗಿದ್ದವು ಅಂತ ಆಮೇಲಿನ ಅಧ್ಯಯನ ತೋರಿಸಿದೆ. ಬಿಸಿಲು ಕಮ್ಮಿ ಅಂದರೆ ಆವಿಯೂ ಕಮ್ಮಿ, ಮಳೆಯೂ ಕಮ್ಮಿ. ಜಲಾಶಯದ ಮಟ್ಟ ಕೇಳಿಕೊಂಡು ಭತ್ತದ ಒಟ್ಟಲು ಹಾಕುವ ನಾಲೆ ಬಯಲಿನ ರೈತರನ್ನು ಆ ತೀರ್ಮಾನದ ಹೊತ್ತಿಗೆ ಯಾರಾದರೂ ಕೇಳುತ್ತಾರಾ ಅನ್ನುವುದು ನನ್ನ ಅನುಮಾನ.