ಕಾಮಾದಿಂದ ಜಾಯಿನ್‌ವರೆಗೆ: ಟೇಬಲ್‌ಗಳನ್ನು ಕೂಡಿಸಿದ ಕತೆ

ಒರಾಕಲ್ ಎಂಬ ಡೇಟಾಬೇಸ್‌ನ ಹಳೇ ಕೋಡ್ ನೋಡಿಕೊಳ್ಳುವವರಿಗೆ ಒಂದು ಗುರುತು ಚೆನ್ನಾಗಿ ಗೊತ್ತು. ಷರತ್ತು ಬರೆಯುವ ವೇರ್ ಸಾಲಿನಲ್ಲಿ ಕಾಲಮ್ ಹೆಸರಿಗೆ ಅಂಟಿಕೊಂಡು, ಬ್ರಾಕೆಟ್ ಒಳಗೆ ಒಂದು ಪ್ಲಸ್ (+) ಕೂತಿರುತ್ತದೆ. ಹೊಸಬರಿಗೆ ಅದು ಟೈಪಿಂಗ್ ತಪ್ಪಿನಂತೆ ಕಂಡರೆ ಆಶ್ಚರ್ಯವಿಲ್ಲ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳನ್ನು ಕೂಡಿಸಲು ಪ್ರತ್ಯೇಕ ಪದವೇ ಇಲ್ಲದಿದ್ದ ಕಾಲದ ಗುರುತು ಅದು.

ಎಲ್ಲ ಡೇಟಾ ಒಂದೇ ಟೇಬಲ್‌ನಲ್ಲಿದ್ದರೆ ಈ ತಲೆನೋವೇ ಇಲ್ಲ, ಅಲ್ವಾ? ಆದರೆ ಲೈಬ್ರರಿಯ ಸದಸ್ಯರೊಬ್ಬರು 50 ಪುಸ್ತಕ ಒಯ್ದರೆ ಅವರ ವಿಳಾಸ 50 ಸಲ ಬರೆಯಬೇಕು. ಮನೆ ಬದಲಿಸಿದರೆ 50 ಕಡೆ ತಿದ್ದಬೇಕು. ಅದಕ್ಕೇ ಸದಸ್ಯರದ್ದು ಒಂದು ಟೇಬಲ್, ಎರವಲಿನದ್ದು ಇನ್ನೊಂದು. ಎರಡಕ್ಕೂ ಕೊಂಡಿ ಸದಸ್ಯ ಸಂಖ್ಯೆ.

1960ರ ದಶಕದ ಐಬಿಎಂನ ಐಎಂಎಸ್‌ನಂಥ ಡೇಟಾಬೇಸ್ ವ್ಯವಸ್ಥೆಗಳಲ್ಲಿ ಯಾವ ದಾಖಲೆಯ ಕೆಳಗೆ ಯಾವುದು ಎಂಬುದು ಮೊದಲೇ ಕಟ್ಟಿಟ್ಟ ದಾರಿ. ಪ್ರೋಗ್ರಾಮರ್ ಆ ದಾರಿಯಲ್ಲೇ ಒಂದೊಂದು ಹೆಜ್ಜೆ ನಡೆಯಬೇಕಿತ್ತು. 1970ರಲ್ಲಿ ಅದೇ ಐಬಿಎಂನ ಎಡ್ಗರ್ ಕಾಡ್ ಒಂದು ಲೇಖನದಲ್ಲಿ ಬೇರೆಯೇ ಮಾತು ಹೇಳಿದರು. ದಾರಿ ಬೇಡ, ಎರಡು ಟೇಬಲ್‌ಗಳಲ್ಲಿರುವ ಮೌಲ್ಯಗಳು ಹೊಂದಿದರೆ ಸಾಕು. ಜಾಯಿನ್ ಅನ್ನುವ ಕ್ರಿಯೆ ಆ ಲೇಖನದಲ್ಲೇ ಇದೆ.

1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಭಾಷೆಯನ್ನು ಮುಂದಿಟ್ಟರು. ಅದೇ ಬೆಳೆದು ಎಸ್‌ಕ್ಯೂಎಲ್ ಆಯಿತು, 1986ರಲ್ಲಿ ಅಮೆರಿಕದ ಮಾನದಂಡವೂ ಆಯಿತು. ತಮಾಷೆ ಎಂದರೆ ಆ ಮಾನದಂಡದಲ್ಲಿ ಜಾಯಿನ್ ಪದವೇ ಇಲ್ಲ! ಕೂಡಿಸುವುದು ಹೀಗೆ:

ಸೆಲೆಕ್ಟ್ ಹೆಸರು, ಪುಸ್ತಕ
ಫ್ರಮ್ ಸದಸ್ಯರು, ಎರವಲು
ವೇರ್ ಸದಸ್ಯರು.ಸಂಖ್ಯೆ = ಎರವಲು.ಸದಸ್ಯ_ಸಂಖ್ಯೆ

ಟೇಬಲ್‌ಗಳ ನಡುವೆ ಸುಮ್ನೆ ಒಂದು ಕಾಮಾ. ಕೊನೆಯ ಸಾಲು ಮರೆತರೆ ಡೇಟಾಬೇಸ್ ತಕರಾರು ಮಾಡುವುದಿಲ್ಲ. 300 ಸದಸ್ಯರು, 2,000 ಎರವಲು ಇದ್ದರೆ ಎಲ್ಲರನ್ನೂ ಎಲ್ಲದಕ್ಕೂ ಜೋಡಿಸಿ 6 ಲಕ್ಷ ಸಾಲು ಸುರಿಯುತ್ತದೆ.

ಯಾವ ಟೇಬಲ್ ಮೊದಲು, ಯಾವುದು ಆಮೇಲೆ ಎಂದು ನಾವು ಹೇಳಬೇಕಿಲ್ಲ ಎನ್ನುವುದು ಈ ಬಗೆಯ ದೊಡ್ಡ ಲಾಭ. ಆದರೆ ಯಾರಾದರೂ ಅದನ್ನು ತೀರ್ಮಾನಿಸಲೇಬೇಕಲ್ಲ. 10 ಟೇಬಲ್‌ಗಳನ್ನು ಸಾಲಾಗಿ ಇಡಲು 36 ಲಕ್ಷಕ್ಕೂ ಜಾಸ್ತಿ ಬಗೆಗಳಿವೆ. ಕಡಿಮೆ ಖರ್ಚಿನ ಕ್ರಮವನ್ನು ಯಂತ್ರವೇ ಲೆಕ್ಕ ಹಾಕಿ ಆರಿಸುವ ವಿಧಾನವನ್ನು ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಜಾಣ ಕೆಲಸ ಇದೇ.

ಕಾಮಾಗೆ ಆಗದ ಕೆಲಸ ಒಂದಿತ್ತು. ಒಂದೂ ಪುಸ್ತಕ ಒಯ್ಯದ ಸದಸ್ಯರು ಪಟ್ಟಿಯಿಂದಲೇ ಮಾಯವಾಗುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ಒಬ್ಬೊಬ್ಬರದು ಒಂದೊಂದು ಉಪಾಯ. ಒರಾಕಲ್ ಪ್ಲಸ್ ತಂದಿತು. ಸೈಬೇಸ್ ಡೇಟಾಬೇಸ್, ಅದರ ಬೆನ್ನಿಗೆ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ನಕ್ಷತ್ರದ ಜತೆ ಸಮಚಿಹ್ನೆ (*=) ಬಳಸಿದವು. ಒಂದರ ಕ್ವೆರಿ (ಪ್ರಶ್ನೆಯ ಕೋಡ್) ಇನ್ನೊಂದರಲ್ಲಿ ಓಡುತ್ತಿರಲಿಲ್ಲ.

1992ರ ಮಾನದಂಡ ಇದಕ್ಕೆ ಉತ್ತರ ಕೊಟ್ಟಿತು. ಜೋಡಿ ಸಿಗದಿದ್ದರೂ ಮೊದಲ ಟೇಬಲ್‌ನ ಸಾಲುಗಳನ್ನು ಉಳಿಸುವ ಲೆಫ್ಟ್ ಜಾಯಿನ್ ಬಂತು, ಕೂಡಿಸುವ ಷರತ್ತಿಗೆ ಆನ್ ಎಂಬ ಸ್ವಂತ ಜಾಗ ಸಿಕ್ಕಿತು. ವೇರ್‌ಗೆ ಉಳಿದದ್ದು ಸೋಸುವ ಕೆಲಸ. ಸದಸ್ಯರಿಗೆ ಎರವಲನ್ನು ಲೆಫ್ಟ್ ಜಾಯಿನ್ ಮಾಡಿ, 'ಎರವಲು.ವರ್ಷ = 2024' ಎಂದು ಆನ್‌ನಲ್ಲಿ ಬರೆದರೆ ಆ ವರ್ಷ ಏನೂ ಒಯ್ಯದವರೂ ಉಳಿಯುತ್ತಾರೆ. ಅದನ್ನೇ ವೇರ್‌ಗೆ ಹಾಕಿದರೆ ಅವರ ವರ್ಷ ಬೇರೆ, ಇಲ್ಲವೇ ಖಾಲಿ, ಅಂದರೆ ನಲ್. ಷರತ್ತು ಹೊಂದದೆ ಅವರು ಉದುರಿಹೋಗುತ್ತಾರೆ.

ಒರಾಕಲ್ ಈ ಬರವಣಿಗೆಯನ್ನು ಒಪ್ಪಿಕೊಂಡದ್ದು 2001ರ 9ಐ ಆವೃತ್ತಿಯಲ್ಲಿ. ಅಷ್ಟರಲ್ಲಿ ಪ್ಲಸ್ ಕೋಡ್ ಎಲ್ಲೆಡೆ ಹರಡಿತ್ತು. ಹೊಸ ಬಗೆಯನ್ನೇ ಬಳಸಿ ಎಂದು ಒರಾಕಲ್ ಕೈಪಿಡಿ ಹೇಳುತ್ತದೆ, ಹಳೆಯದು ಮಾತ್ರ ಇನ್ನೂ ಓಡುತ್ತಿದೆ. ಅದನ್ನು ಬದಲಿಸಲು ಕೂತವರು ಒಂದು ಕಡೆ ಕಣ್ಣಿಡಬೇಕು. ಸದಸ್ಯ ಸಂಖ್ಯೆಯ ಷರತ್ತಿಗೆ ಪ್ಲಸ್ ಇದ್ದು ವರ್ಷದ ಷರತ್ತಿಗೆ ಇಲ್ಲದಿದ್ದರೆ, ಹಳೇ ಕ್ವೆರಿ ಆ ವರ್ಷ ಏನೂ ಒಯ್ಯದ ಸದಸ್ಯರನ್ನು ಇಷ್ಟು ವರ್ಷವೂ ಕೈಬಿಡುತ್ತಲೇ ಇತ್ತು. ವರ್ಷವನ್ನು ಆನ್‌ಗೆ ಸಾಗಿಸಿದ ದಿನ ರಿಪೋರ್ಟಿನ ಲೆಕ್ಕ ಏರುತ್ತದೆ. ಯಾವುದು ಸರಿ ಎಂದು ರಿಪೋರ್ಟ್ ಬಳಸುವವರನ್ನೇ ಕೇಳಬೇಕು.