ಓದುಗರ ಪ್ರಶ್ನೆ: ಪ್ರಜಾಪ್ರಭುತ್ವ ಎಲ್ಲ ದೇಶಗಳಿಗೂ ಒಗ್ಗುತ್ತದೆಯೇ?

ಪ್ರಶ್ನೆ: ಬಡತನ, ಅನಕ್ಷರತೆ, ಒಳಜಗಳ ತುಂಬಿರುವ ದೇಶಗಳಲ್ಲಿ ಚುನಾವಣೆ ನಡೆದಾಗಲೆಲ್ಲ ಗಲಭೆಯೇ ಆಗುತ್ತದಲ್ಲ? ಅಂಥ ಕಡೆ ಒಬ್ಬ ಗಟ್ಟಿ ಆಡಳಿತಗಾರ ಇಪ್ಪತ್ತು ವರ್ಷ ದೇಶ ಕಟ್ಟಿ, ಜನ ಒಂದು ಹಂತಕ್ಕೆ ಬಂದಮೇಲೆ ಮತದಾನದ ಹಕ್ಕು ಕೊಡುವುದು ಮೇಲಲ್ಲವೇ?

ಉತ್ತರ: ಪ್ರಜಾಪ್ರಭುತ್ವಕ್ಕೆ ಲಾಯಕ್ಕಿಲ್ಲದ ಜನ ಎಂಬುವರು ಎಲ್ಲೂ ಇಲ್ಲ. ಹಾಗೆಂದು ಎಲ್ಲ ದೇಶಕ್ಕೂ ಹೊಂದುವ ಒಂದೇ ಅಳತೆಯ ಪ್ರಜಾಪ್ರಭುತ್ವವೂ ಇಲ್ಲ. ಚುನಾವಣೆಯ ನಂತರ ಹೊತ್ತಿ ಉರಿದ ದೇಶಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಕಾರಣ ಮತದಾರರ ಅನಕ್ಷರತೆಯಲ್ಲಿ ಸಿಗುವುದು ಅಪರೂಪ. ಹೆಚ್ಚಿನ ಕಡೆ ಅದು ಸಿಗುವುದು ಸೋತವರ ಪಾಡು ಏನಾಯಿತು ಎಂಬಲ್ಲಿ. ಸೋತರೆ ಪ್ರಾಣ, ಆಸ್ತಿ, ಕೆಲಸ ಎಲ್ಲ ಹೋಗುತ್ತದೆ ಎಂದು ಗೊತ್ತಿರುವವನು ಸೋಲು ಒಪ್ಪುವುದಿಲ್ಲ. ಐದು ವರ್ಷ ಕಾದರೆ ಇನ್ನೊಂದು ಅವಕಾಶ ಬಂದೇ ಬರುತ್ತದೆ ಎಂದು ನಂಬಿದವನು ಒಪ್ಪುತ್ತಾನೆ. ಆ ನಂಬಿಕೆಯನ್ನು ಹುಟ್ಟಿಸುವ ವ್ಯವಸ್ಥೆ ದೇಶದಿಂದ ದೇಶಕ್ಕೆ ಬೇರೆ ಬೇರೆ.

ಮೊದಲು ಗಟ್ಟಿ ಆಡಳಿತಗಾರನ ಮಾತು ಮುಗಿಸೋಣ.

ಈ ವಾದ ಬಂದಾಗಲೆಲ್ಲ ಸಿಂಗಪುರದ ಹೆಸರು ಬರುತ್ತದೆ. ಅಲ್ಲಿನ ಪೀಪಲ್ಸ್ ಆ್ಯಕ್ಷನ್ ಪಾರ್ಟಿ 1959ರಿಂದ ಒಂದೂ ಸಾರ್ವತ್ರಿಕ ಚುನಾವಣೆ ಸೋತಿಲ್ಲ, ದೇಶ ಶ್ರೀಮಂತವಾಗಿದೆ. ಇದು ನಿಜ, ಅಲ್ಲಗಳೆಯುವುದು ಸರಿಯಲ್ಲ. ಆದರೆ ಅದು ಒಂದೇ ನಗರದ ದೇಶ. ಭ್ರಷ್ಟಾಚಾರ ತನಿಖೆಗೆಂದೇ ಪ್ರತ್ಯೇಕ ಸಂಸ್ಥೆ 1952ರಲ್ಲೇ, ಬ್ರಿಟಿಷರ ಕಾಲದಲ್ಲೇ ಹುಟ್ಟಿತ್ತು. ಅದೇ ಏಷ್ಯಾದಲ್ಲಿ, ಅದೇ ಕಾಲದಲ್ಲಿ ಇನ್ನೊಬ್ಬ ಗಟ್ಟಿ ಆಡಳಿತಗಾರ ಇದ್ದರು: ಬರ್ಮಾದ ನೆ ವಿನ್. 1962ರಿಂದ 1988ರವರೆಗೆ ಆಳಿದರು. 1987ರ ಸೆಪ್ಟೆಂಬರ್‌ನಲ್ಲಿ 25, 35, 75 ಕ್ಯಾಟ್ ನೋಟುಗಳನ್ನು ಯಾವ ಪರಿಹಾರವೂ ಇಲ್ಲದೆ ರದ್ದು ಮಾಡಿ, 9ರಿಂದ ಭಾಗವಾಗುವ 45 ಮತ್ತು 90 ಕ್ಯಾಟ್ ನೋಟುಗಳನ್ನು ತಂದರು. ಕುಟುಂಬಗಳ ಉಳಿತಾಯ ರಾತ್ರೋರಾತ್ರಿ ಕಾಗದವಾಯಿತು. ಅದೇ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಆ ದೇಶವನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು.

ಬರುವವನು ದೇಶ ಕಟ್ಟುತ್ತಾನೋ ಕೆಡವುತ್ತಾನೋ ಎಂದು ಮೊದಲೇ ಹೇಳಲು ದಾರಿ ಇಲ್ಲ. ಬಂದಮೇಲೆ ಇಳಿಸಲಂತೂ ದಾರಿಯೇ ಇಲ್ಲ. ಯಶಸ್ವಿಯಾದ ಒಬ್ಬನನ್ನು ನೋಡಿ ವ್ಯವಸ್ಥೆಯನ್ನು ಮೆಚ್ಚುವಾಗ ಈ ಲೆಕ್ಕ ಮರೆತುಹೋಗುತ್ತದೆ.

ಇನ್ನೊಂದು ತೊಂದರೆ ಸುದ್ದಿಯದು. ಚೀನಾದಲ್ಲಿ 1959ರಿಂದ 1961ರವರೆಗಿನ ಬರಗಾಲದಲ್ಲಿ ಕೋಟ್ಯಂತರ ಜನ ಸತ್ತರು. ಕೆಳಗಿನ ಅಧಿಕಾರಿಗಳು ಬೆಳೆಯ ಲೆಕ್ಕವನ್ನು ಉಬ್ಬಿಸಿ ಬರೆದರು, ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ಹೆಚ್ಚು ಧಾನ್ಯ ವಸೂಲಿ ಮಾಡಿತು, ಹಳ್ಳಿಯಲ್ಲಿ ಉಣ್ಣಲು ಉಳಿಯಲಿಲ್ಲ. 1959ರಲ್ಲಿ ಲುಶಾನ್ ಸಭೆಯಲ್ಲಿ ಎಚ್ಚರಿಸಿದ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಹುದ್ದೆ ಕಳೆದುಕೊಂಡರು. ಆಮೇಲೆ ಯಾರು ಬಾಯಿ ಬಿಟ್ಟಾರು? ಸ್ವತಂತ್ರ ಪತ್ರಿಕೆಗಳೂ ವಿರೋಧ ಪಕ್ಷವೂ ಇರುವ ದೇಶದಲ್ಲಿ ದೊಡ್ಡ ಬರಗಾಲದ ಸಾವು ಆಗಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟದ್ದು ಇದರ ಇನ್ನೊಂದು ಮುಖ. ಹಸಿವಿನ ಸುದ್ದಿ ಮುಚ್ಚಿಡಲಾಗದ ಕಡೆ ಸರ್ಕಾರ ಓಡಿ ಬರಲೇಬೇಕಾಗುತ್ತದೆ.

ಬಡತನದ ವಿಷಯದಲ್ಲಿ ಪ್ರಶ್ನೆ ಕೇಳಿದವರ ಅನುಮಾನಕ್ಕೆ ಆಧಾರವಿದೆ. ರಾಜ್ಯಶಾಸ್ತ್ರಜ್ಞ ಆ್ಯಡಂ ಪ್ರಜೆವೊರ್‌ಸ್ಕಿ ಮತ್ತು ಸಂಗಡಿಗರು 1950ರಿಂದ 1990ರವರೆಗಿನ ಪ್ರಭುತ್ವಗಳನ್ನು ಅಳೆದು ನೋಡಿದರು. ತಲಾ ಆದಾಯ ವರ್ಷಕ್ಕೆ 1,000 ಡಾಲರ್‌ಗಿಂತ ಕೆಳಗಿದ್ದ ಕಡೆ ಪ್ರಜಾಪ್ರಭುತ್ವದ ಆಯಸ್ಸು ಸರಾಸರಿ ಸುಮಾರು 8 ವರ್ಷ. 6,055 ಡಾಲರ್ ದಾಟಿದ ಕಡೆ, ಅಂದರೆ 1975ರ ಅರ್ಜೆಂಟೀನಾದ ಮಟ್ಟ ಮೀರಿದ ಕಡೆ, ಆ ಅವಧಿಯಲ್ಲಿ ಒಂದೂ ಉರುಳಿರಲಿಲ್ಲ (ಲೆಕ್ಕವೆಲ್ಲ 1985ರ ಬೆಲೆಯಲ್ಲಿ). ಬಡ ದೇಶದಲ್ಲಿ ಪ್ರಜಾಪ್ರಭುತ್ವ ಹುಟ್ಟುತ್ತದೆ, ಆದರೆ ಬೇಗ ಸಾಯುವ ಅಪಾಯ ಹೆಚ್ಚು ಎಂದು ಇದರ ಅರ್ಥ. ಇದರಿಂದ ‘ಹಾಗಾದರೆ ಸರ್ವಾಧಿಕಾರ ಬೇಕು’ ಎಂದು ಹೇಳಲಾಗುವುದಿಲ್ಲ, ಏಕೆಂದರೆ ಸರ್ವಾಧಿಕಾರ ಬಂದರೆ ಆದಾಯ ಬೆಳೆಯುತ್ತದೆ ಎಂಬುದು ಅದೇ ಲೆಕ್ಕದಲ್ಲಿ ಸಿದ್ಧವಾಗಲಿಲ್ಲ.

ಅನಕ್ಷರತೆಯ ವಾದ ಇದಕ್ಕಿಂತ ದುರ್ಬಲ. ಭಾರತದಲ್ಲಿ 1951-52ರ ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ 17 ಕೋಟಿಗೂ ಹೆಚ್ಚು ಮತದಾರರಿದ್ದರು, ಸಾಕ್ಷರತೆ ಶೇ 18ರ ಆಸುಪಾಸು. ಅಕ್ಷರ ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಬೇರೆ ಮತಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದರು. ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಇಡೀ ದೇಶದಲ್ಲಿ ಇದ್ದದ್ದು 12 ಕಿಲೋಮೀಟರ್ ಡಾಂಬರು ರಸ್ತೆ, 22 ಪದವೀಧರರು. ಅಲ್ಲಿ ಅಂದಿನಿಂದಲೂ ಚುನಾವಣೆ ತಪ್ಪಿಲ್ಲ. ಸ್ವಾತಂತ್ರ್ಯದಿಂದಲೂ ಆಳಿದ್ದ ಪಕ್ಷ 2024ರ ಅಕ್ಟೋಬರ್‌ನಲ್ಲಿ ಕೇವಲ 4 ಸ್ಥಾನಕ್ಕೆ ಇಳಿದಾಗ, ಎಣಿಕೆ ಪೂರ್ತಿಯಾಗುವ ಮೊದಲೇ ಅಧ್ಯಕ್ಷರು ಸೋಲು ಒಪ್ಪಿಕೊಂಡರು. ಹಳ್ಳಿಯವರೆಲ್ಲ ಕೂತು ಮುಖ್ಯಸ್ಥನ ಎದುರೇ ಅವನ ತಪ್ಪು ಎತ್ತಿ ಆಡಬಹುದಾದ ‘ಕ್ಗೋಟ್ಲಾ’ ಸಭೆಗಳು ಅಲ್ಲಿ ಪಾಶ್ಚಾತ್ಯರು ಬರುವ ಮುಂಚಿನಿಂದಲೂ ಇದ್ದವು.

ಹಾಗಾದರೆ ಎಲ್ಲಿ ಕೆಡುತ್ತದೆ?

ಅಂಗೋಲಾ ಮತ್ತು ಮೊಜಾಂಬಿಕ್ ಅನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಎರಡೂ ಪೋರ್ಚುಗೀಸರ ವಸಾಹತುಗಳು, ಎರಡೂ 1975ರಲ್ಲಿ ಸ್ವತಂತ್ರ, ಎರಡರಲ್ಲೂ ದೀರ್ಘ ಅಂತರ್ಯುದ್ಧ, ಎರಡೂ ಕಡುಬಡವ. ಅಂಗೋಲಾದಲ್ಲಿ 1991ರ ಮೇ ತಿಂಗಳಲ್ಲಿ ಶಾಂತಿ ಒಪ್ಪಂದವಾಗಿ, 1992ರ ಸೆಪ್ಟೆಂಬರ್ ಕೊನೆಗೆ ಚುನಾವಣೆ ನಡೆಯಿತು. ಮತದಾನದ ದಿನ ಶಾಂತವಾಗಿಯೇ ಕಳೆಯಿತು. ಆದರೆ ಎರಡೂ ಕಡೆಯ ಸೇನೆಗಳ ಬಂದೂಕು ಇನ್ನೂ ಅವರವರ ಕೈಯಲ್ಲೇ ಇದ್ದವು. ಅಧ್ಯಕ್ಷ ಪದವಿ ಗೆದ್ದವನಿಗೆ ಎಲ್ಲವೂ ಸಿಗುತ್ತಿತ್ತು, ಸೋತವನಿಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ದೋಸ್ ಸಾಂತೋಸ್‌ಗೆ ಶೇ 49.6, ಬಂಡುಕೋರರ ನಾಯಕ ಸವಿಂಬಿಗೆ ಶೇ 40.1 ಮತ. ಸವಿಂಬಿ ಫಲಿತಾಂಶ ಒಪ್ಪದೆ ಯುದ್ಧಕ್ಕೆ ಮರಳಿದರು. ಎರಡನೇ ಸುತ್ತು ನಡೆಯಲೇ ಇಲ್ಲ. ಯುದ್ಧ ಮುಗಿದದ್ದು 2002ರಲ್ಲಿ, ಅವರು ಸತ್ತ ಮೇಲೆ.

ಮೊಜಾಂಬಿಕ್‌ನ ಒಪ್ಪಂದ 1992ರ ಅಕ್ಟೋಬರ್‌ನದು. ಒಂದು ವರ್ಷದೊಳಗೆ ಚುನಾವಣೆ ಎಂದು ಬರೆದಿತ್ತು. ಅಂಗೋಲಾದ ಗತಿ ಕಣ್ಣೆದುರೇ ಇದ್ದುದರಿಂದ ವಿಶ್ವಸಂಸ್ಥೆ ಆ ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಹೋರಾಟಗಾರರನ್ನು ಶಿಬಿರಗಳಿಗೆ ಕರೆತಂದು ಶಸ್ತ್ರ ಪಡೆದು, ಊರಿಗೆ ಕಳಿಸುವ ಕೆಲಸವೇ ಆ ಸಮಯ ತಿಂದಿತು. ಬಂಡುಕೋರ ರೆನಾಮೊ ಸಂಘಟನೆ ರಾಜಕೀಯ ಪಕ್ಷವಾಗಿ ಬದಲಾಗಲು, ಕಚೇರಿ ತೆರೆಯಲು ಒಂದು ನಿಧಿಯನ್ನೂ ತೆರೆದರು. ಇದನ್ನು ಲಂಚ ಎಂದು ಟೀಕಿಸಿದವರಿದ್ದಾರೆ, ನಮ್ಮ ದೃಷ್ಟಿಯಲ್ಲಿ ಅದು ಶಾಂತಿಗೆ ಕೊಟ್ಟ ಅಗ್ಗದ ಬೆಲೆ. ಸಂಸತ್ತಿಗೆ ಅನುಪಾತ ಪ್ರಾತಿನಿಧ್ಯ, ಅಂದರೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ, ಇತ್ತು. ಹಾಗಾಗಿ 1994ರ ಅಕ್ಟೋಬರ್‌ನಲ್ಲಿ ಸೋತ ರೆನಾಮೊಗೆ 250ರಲ್ಲಿ 112 ಸ್ಥಾನ ದಕ್ಕಿತು. ಕಾಡಿಗೆ ಮರಳಲು ಆಗ ಅದಕ್ಕೆ ಕಾರಣ ಉಳಿಯಲಿಲ್ಲ. ಮುಂದೆ ಅಲ್ಲಿಯೂ ಆಡಳಿತ ಪಕ್ಷ ಒಮ್ಮೆಯೂ ಅಧಿಕಾರ ಬಿಟ್ಟುಕೊಡದೆ ಹೋದದ್ದರಿಂದ 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು. ಅವಕಾಶ ನಾಳೆ ಇದೆ ಎಂಬ ಮಾತು ಕಾಗದದಲ್ಲಿದ್ದರೆ ಎಷ್ಟು ದಿನ ನಂಬಿಯಾರು?

ಬಂದೂಕಿನ ನಂತರದ್ದು ಎಣಿಕೆ. ಇಲ್ಲಿ ಕೀನ್ಯಾ ಕಲಿತ ಪಾಠ ಬಹಳ ಬೆಲೆಯುಳ್ಳದ್ದು. 2007ರ ಡಿಸೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಎಣಿಕೆ ರಾಜಧಾನಿಗೆ ಬರುವಷ್ಟರಲ್ಲಿ ಅಂಕಿಗಳು ಬದಲಾದವು ಎಂಬ ಆರೋಪ ಎದ್ದಿತು. ನ್ಯಾಯಾಲಯಕ್ಕೆ ಹೋಗಿ ಎಂದರೆ ವಿರೋಧ ಪಕ್ಷ ಒಪ್ಪಲಿಲ್ಲ, ಅಲ್ಲಿನ ನ್ಯಾಯಾಧೀಶರ ಮೇಲೆ ಅದಕ್ಕೆ ನಂಬಿಕೆ ಇರಲಿಲ್ಲ. ಬೀದಿಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ನಿಜಕ್ಕೂ ಗೆದ್ದವರು ಯಾರೆಂದು ಹೇಳುವುದೇ ಅಸಾಧ್ಯ ಎಂದು ಆಮೇಲೆ ತನಿಖಾ ಆಯೋಗ ವರದಿ ಕೊಟ್ಟಿತು. 2010ರಲ್ಲಿ ಹೊಸ ಸಂವಿಧಾನ ಬಂತು, ಸುಪ್ರೀಂ ಕೋರ್ಟ್ ಹೊಸದಾಗಿ ರಚನೆಯಾಯಿತು. 2017ರಲ್ಲಿ ಆ ಕೋರ್ಟು ಅಧಿಕಾರದಲ್ಲಿದ್ದ ಅಧ್ಯಕ್ಷರ ಗೆಲುವನ್ನೇ ರದ್ದುಪಡಿಸಿತು. 2022ರಲ್ಲಿ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶ ಪತ್ರ, ಅಂದರೆ 34ಎ ನಮೂನೆಯ ಚಿತ್ರ, ಎಲ್ಲರಿಗೂ ಕಾಣುವಂತೆ ಜಾಲತಾಣಕ್ಕೆ ಬಂತು. ಯಾರು ಬೇಕಾದರೂ ಕೂಡಿ ನೋಡಬಹುದಿತ್ತು, ನೋಡಿದರು ಕೂಡ. ಸೋತವರು ಬೀದಿಗಿಳಿಯುವ ಬದಲು ಕೋರ್ಟಿಗೆ ಹೋದರು. ಹದಿನೈದು ವರ್ಷದಲ್ಲಿ ಮತದಾರರು ಅದೇ ಜನ, ಬುಡಕಟ್ಟುಗಳು ಅವೇ. ಬದಲಾದದ್ದು ಕಾಗದ ಸಾಗುವ ದಾರಿ ಮತ್ತು ತೀರ್ಪು ಕೊಡುವ ಪೀಠ.

ಶಾಶ್ವತವಾಗಿ ಸೋಲುವ ಸಮುದಾಯ ಇರುವ ದೇಶದ್ದು ಬೇರೆಯೇ ತೊಡಕು. ಉತ್ತರ ಐರ್ಲೆಂಡ್‌ನಲ್ಲಿ 1921ರಿಂದ 1972ರವರೆಗೆ ಚುನಾವಣೆಗಳು ನಡೆದೇ ಇದ್ದವು, ಗೆದ್ದದ್ದು ಮಾತ್ರ ಪ್ರತಿ ಸಲ ಒಂದೇ ಪಕ್ಷ. ಕ್ಯಾಥೊಲಿಕ್ ಅಲ್ಪಸಂಖ್ಯಾತರಿಗೆ ಮತ ಇದ್ದೂ ಅಧಿಕಾರದಲ್ಲಿ ಪಾಲು ಇರಲಿಲ್ಲ. ಇಂಥ ಕಡೆ ಬರಿಯ ಬಹುಮತ ಸಾಲದು. 1998ರ ಒಪ್ಪಂದದಲ್ಲಿ ಸರ್ಕಾರಕ್ಕೆ ಎರಡೂ ಕಡೆಯ ಇಬ್ಬರು ಮುಖ್ಯಸ್ಥರು ಜೋಡಿಯಾಗಿಯೇ ಇರಬೇಕು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಹೋಗಬೇಕು ಎಂದು ಬರೆದರು. ಮೂರು ದಶಕಗಳ ರಕ್ತಪಾತ ಬಹುಮಟ್ಟಿಗೆ ನಿಂತಿತು. ಇದಕ್ಕೂ ಬೆಲೆ ಇದೆ: 2017ರಿಂದ 2020ರವರೆಗೆ ಮೂರು ವರ್ಷ, 2022ರಿಂದ ಎರಡು ವರ್ಷ ಅಲ್ಲಿ ಸರ್ಕಾರವೇ ನಡೆಯಲಿಲ್ಲ. ಲೆಬನಾನ್ ಇನ್ನೂ ಮುಂದೆ ಹೋಗಿ ಅಧ್ಯಕ್ಷ, ಪ್ರಧಾನಿ, ಸಭಾಧ್ಯಕ್ಷ ಸ್ಥಾನಗಳನ್ನು ಪಂಗಡಕ್ಕೊಂದರಂತೆ ಹಂಚಿಬಿಟ್ಟಿದೆ. ಹಂಚಿಕೆಯ ಲೆಕ್ಕ ಕೆದಕಿದರೆ ಜಗಳವೆಂದು 1932ರ ನಂತರ ಅಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲ. ಪಾಲು ಕೊಡಬೇಕು, ಆದರೆ ಪಾಲನ್ನು ಕಲ್ಲಿನಲ್ಲಿ ಕೊರೆದರೆ ದೇಶ ಅಲ್ಲಾಡದಂತಾಗುತ್ತದೆ. ಈ ಎರಡರ ನಡುವಿನ ಹದ ಯಾವ ದೇಶಕ್ಕೂ ಸುಲಭವಾಗಿ ಸಿಕ್ಕಿಲ್ಲ.

ಗೆದ್ದವರೇ ಆಟದ ನಿಯಮ ಬದಲಿಸುವುದು ಇನ್ನೊಂದು ರೋಗ, ಇದು ಶ್ರೀಮಂತ ದೇಶಗಳಿಗೂ ತಗಲುತ್ತದೆ. ಹಂಗೆರಿಯಲ್ಲಿ 2010ರಲ್ಲಿ ಫಿದೆಸ್ ಮೈತ್ರಿಕೂಟಕ್ಕೆ ಬಂದದ್ದು ಶೇ 53ರಷ್ಟು ಮತ, ಸಿಕ್ಕಿದ್ದು 386ರಲ್ಲಿ 263 ಸ್ಥಾನ. ಅಲ್ಲಿ ಇದ್ದದ್ದು ಒಂದೇ ಸದನ, ಮೂರನೇ ಎರಡರಷ್ಟು ಸದಸ್ಯರು ಕೈಯೆತ್ತಿದರೆ ಸಂವಿಧಾನವನ್ನೇ ಬದಲಿಸಬಹುದಿತ್ತು. 2011ರಲ್ಲಿ ಹೊಸ ಸಂವಿಧಾನ ಪಾಸಾಯಿತು. ಬೀಗ ಅಷ್ಟು ಸಡಿಲವಾಗಿತ್ತು. ಇದಕ್ಕೆ ತದ್ವಿರುದ್ಧ ಜರ್ಮನಿ. 1932ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂಸತ್ತು 512ಕ್ಕೆ 42 ಮತಗಳಿಂದ ಸರ್ಕಾರದಲ್ಲಿ ಅವಿಶ್ವಾಸ ತೋರಿತು, ಆದರೆ ಬದಲಿ ಸರ್ಕಾರ ಕಟ್ಟಬಲ್ಲ ಬಹುಮತ ಯಾರ ಬಳಿಯೂ ಇರಲಿಲ್ಲ. ನಾಲ್ಕೂವರೆ ತಿಂಗಳಲ್ಲಿ ಹಿಟ್ಲರ್ ಚಾನ್ಸಲರ್ ಆದ. ಅದನ್ನು ನೆನಪಿಟ್ಟುಕೊಂಡೇ 1949ರ ಸಂವಿಧಾನದ 67ನೇ ವಿಧಿಯಲ್ಲಿ, ಹೊಸ ಚಾನ್ಸಲರ್‌ನನ್ನು ಆರಿಸದೆ ಹಳಬನನ್ನು ಇಳಿಸುವಂತಿಲ್ಲ ಎಂದು ಬರೆದರು.

ಟ್ಯುನೀಸಿಯಾದ ಸಂಗತಿ ನೋವು ತರುವಂಥದ್ದು. 2014ರ ಸಂವಿಧಾನವನ್ನು ಎಲ್ಲ ಪಕ್ಷಗಳೂ ಚೌಕಾಸಿ ಮಾಡಿ, ಒಪ್ಪಿ ಬರೆದಿದ್ದವು. ಚುನಾವಣೆಯಾಗಿ ಒಂದು ವರ್ಷದೊಳಗೆ ಸಂವಿಧಾನ ನ್ಯಾಯಾಲಯ ರಚಿಸಬೇಕೆಂದು ಅದರಲ್ಲೇ ಇತ್ತು. ನ್ಯಾಯಾಧೀಶರು ಯಾರಾಗಬೇಕೆಂಬ ಹಗ್ಗಜಗ್ಗಾಟದಲ್ಲಿ ಅದು ಆಗಲೇ ಇಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕಾಯಿಸ್ ಸಯೀದ್ ತುರ್ತು ಅಧಿಕಾರದ 80ನೇ ವಿಧಿ ಬಳಸಿ ಸಂಸತ್ತನ್ನು ಸ್ಥಗಿತಗೊಳಿಸಿದಾಗ, ಅದು ಸರಿಯೋ ತಪ್ಪೋ ಎಂದು ಹೇಳಬೇಕಾದ ನ್ಯಾಯಾಲಯದ ಕುರ್ಚಿಗಳು ಖಾಲಿ ಇದ್ದವು. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷರು ಸೇನಾಡಳಿತ ಘೋಷಿಸಿದರು. ಕೆಲವೇ ಗಂಟೆಗಳಲ್ಲಿ ಸದನಕ್ಕೆ ತಲುಪಿದ 190 ಸದಸ್ಯರು ಒಮ್ಮತದಿಂದ ಅದನ್ನು ತಳ್ಳಿಹಾಕಿದರು, ಮುಂದಿನ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅವರನ್ನು ಪದವಿಯಿಂದ ಇಳಿಸಿತು. ಅಲ್ಲಿ ತೀರ್ಪು ಕೊಡಲು ನ್ಯಾಯಾಲಯವೊಂದು ಇತ್ತು.

ಇನ್ನು ‘ಮೊದಲು ದೇಶ ಕಟ್ಟಿ, ಆಮೇಲೆ ಮತ’ ಎಂಬ ಮಾತು. ಚುನಾವಣೆಯನ್ನು ಒಂದೆರಡು ವರ್ಷ, ಹೇಳಿದ ಕೆಲಸಕ್ಕಾಗಿ, ದಿನಾಂಕ ಗೊತ್ತುಮಾಡಿ ಮುಂದೂಡುವುದು ಒಂದು. ಮೊಜಾಂಬಿಕ್ ಮಾಡಿದ್ದು ಅದನ್ನೇ. ಜನ ‘ಸಿದ್ಧರಾಗುವವರೆಗೆ’ ಎಂದು ಮುಂದೂಡುವುದು ಬೇರೆ. ಸಿದ್ಧರಾದರು ಎಂದು ತೀರ್ಮಾನಿಸುವವನು ಕುರ್ಚಿಯಲ್ಲಿ ಕೂತವನೇ ಆದಾಗ ಆ ದಿನ ಬರುವುದು ಅಪರೂಪ.

ಅಪರೂಪಕ್ಕೆ ಬಂದದ್ದು ಭೂತಾನಿನಲ್ಲಿ. ರಾಜರೇ ಮುಂದೆ ನಿಂತು ಅಧಿಕಾರ ಬಿಟ್ಟುಕೊಟ್ಟರು. 2007ರಲ್ಲಿ ಜನರಿಗೆ ರೂಢಿಯಾಗಲೆಂದು ಬಣ್ಣಗಳ ಹೆಸರಿನ ಕಾಲ್ಪನಿಕ ಪಕ್ಷಗಳನ್ನಿಟ್ಟು ಅಣಕು ಚುನಾವಣೆ ನಡೆಸಿದರು. 2008ರ ನಿಜವಾದ ಚುನಾವಣೆಯಲ್ಲಿ ಒಂದೇ ಪಕ್ಷ 47ರಲ್ಲಿ 45 ಸ್ಥಾನ ಗೆದ್ದಿತು, 2013ರಲ್ಲಿ ಅದೇ ಪಕ್ಷ ಸೋತು ಸುಮ್ಮನೆ ಇಳಿಯಿತು. ಸಿದ್ಧತೆ ಎಂದರೆ ಹೀಗಿರಬೇಕು ಎಂದು ಹೇಳಬಹುದಾದ ಮಾದರಿ ಇದು. ಆದರೆ 1990ರ ದಶಕದ ಆರಂಭದಲ್ಲಿ ದೇಶ ಬಿಡಬೇಕಾಗಿ ಬಂದ ನೇಪಾಳಿ ಮೂಲದ ಲೋತ್ಶಾಂಪಾ ಸಮುದಾಯದ ಸುಮಾರು ಒಂದು ಲಕ್ಷ ಜನ ಆ ಹೊತ್ತಿನಲ್ಲಿ ನೇಪಾಳದ ಶಿಬಿರಗಳಲ್ಲಿದ್ದರು. 2008ರ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.